ಡೇ ಕೇರ್ ಚೆನ್ನಾಗಿದೆಯಾ ಅಂತ ತಿಳಿಯೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೆರಿಗೆ ರಜೆ ಮುಗಿಯುತ್ತಾ ಬಂದ ಮನೆಗಳಲ್ಲಿ ಈ ಪ್ರಶ್ನೆಗಳು ಶುರುವಾಗುತ್ತವೆ. ಅಜ್ಜಿ ಊರಲ್ಲಿದ್ದಾರೆ, ಮನೆಗೆ ಬರುವ ಆಯಾ ಸಿಕ್ಕಿಲ್ಲ, ಆಫೀಸಿನಿಂದ ಮೇಲ್ ಬಂದಾಗಿದೆ. ಇಲ್ಲಿ ಬರೆದಿರುವುದು ಮುಖ್ಯವಾಗಿ ಆರು ತಿಂಗಳಿಂದ ಮೂರು ಮೂರೂವರೆ ವರ್ಷದ ಮಕ್ಕಳ ಬಗ್ಗೆ, ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳ ಖಾಸಗಿ ಡೇ ಕೇರ್‌ಗಳ ಬಗ್ಗೆ. ನನ್ನ ಮಗಳು ಬೆಳೆದದ್ದೂ ಡೇ ಕೇರ್‌ನಲ್ಲೇ. ಆಮೇಲೆ ಗೆಳತಿಯರ ಜೊತೆ, ತಂಗಿಯ ಜೊತೆ ಹೋಗಿ ನೋಡಿದ ಜಾಗಗಳೂ ಬೇಕಾದಷ್ಟಿವೆ.

ನೋಡೋಕೆ ಹೋದಾಗ ಎಲ್ಲಕ್ಕಿಂತ ಮೊದಲು ಏನನ್ನು ನೋಡಬೇಕು?

ಮಗುವನ್ನು ದಿನವಿಡೀ ಎತ್ತಿಕೊಳ್ಳುವವರು, ತೊಳೆಯುವವರು, ಉಣ್ಣಿಸುವವರು ಯಾರೋ ಅವರನ್ನು. ನಿಮ್ಮನ್ನು ಬಾಗಿಲಲ್ಲಿ ಎದುರುಗೊಂಡು ಮಾತಾಡುವವರು ಮೇಡಂ. ಅವರ ಮಾತು ಚೆನ್ನಾಗಿಯೇ ಇರುತ್ತದೆ, ಅದು ಅವರ ಕೆಲಸ. ಮಗುವಿನ ಮೂಗು ಒರೆಸುವವರು ಒಳಗಿನ ಕೋಣೆಯಲ್ಲಿರುವ ಆಯಾ. ಹೆಚ್ಚಿನ ಅಪ್ಪ ಅಮ್ಮಂದಿರು ಆಕೆಯ ಹೆಸರು ಕೂಡ ಕೇಳದೆ ಫೀಸು ಕಟ್ಟಿ ಬರುತ್ತಾರೆ.

ನನ್ನ ಪ್ರಕಾರ ಡೇ ಕೇರ್‌ನ ಗುಣಮಟ್ಟ ಎಂದರೆ ಎರಡೇ ಪ್ರಶ್ನೆ. ಆ ಆಯಾ ಮಕ್ಕಳ ಜೊತೆ ಹೇಗಿದ್ದಾರೆ? ಆರು ತಿಂಗಳ ನಂತರವೂ ಅವರೇ ಇರುತ್ತಾರಾ? ಗೋಡೆಯ ಮೇಲಿನ ಚಿತ್ರ, ಎಸಿ, ಮರದ ಆಟಿಕೆ, ಹೆಸರಿನ ಮುಂದಿನ ‘ಇಂಟರ್‌ನ್ಯಾಷನಲ್’ ಎಲ್ಲವೂ ಇದರ ನಂತರದ ಮಾತು.

ಯಾವ ಹೊತ್ತಿಗೆ ಹೋಗಿ ನೋಡೋದು ಒಳ್ಳೇದು?

ಅವರು ಕರೆಯುವುದು ಬೆಳಿಗ್ಗೆ ಹತ್ತೂವರೆಗೆ. ಆಗ ಮಕ್ಕಳ ಮುಖ ತೊಳೆದಿರುತ್ತದೆ, ನೆಲ ಒರೆಸಿರುತ್ತದೆ, ಹಾಡು ಕುಣಿತ ನಡೆದಿರುತ್ತದೆ. ಅದನ್ನೂ ನೋಡಿ, ತಪ್ಪೇನಿಲ್ಲ. ಆದರೆ ಇನ್ನೊಂದು ಸಲ ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ. ಸಾಧ್ಯವಾದರೆ ಸಂಜೆ ಐದೂವರೆ, ಆರಕ್ಕೂ ಒಮ್ಮೆ ಹೋಗಿ. ಆಗ ಮಕ್ಕಳಿಗೂ ಸುಸ್ತು, ಆಯಾಗಳಿಗೂ ಸುಸ್ತು. ಅರ್ಧ ಸಿಬ್ಬಂದಿ ಮನೆಗೆ ಹೊರಟಿರುತ್ತಾರೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಅಪ್ಪ ಅಮ್ಮಂದಿರ ಮಕ್ಕಳು ಮಾತ್ರ ಉಳಿದಿರುತ್ತಾರೆ. ಆ ಮಕ್ಕಳನ್ನು ಯಾರಾದರೂ ಮಡಿಲಲ್ಲಿ ಕೂರಿಸಿಕೊಂಡಿದ್ದಾರಾ ಅಥವಾ ಬ್ಯಾಗ್ ಹಾಕಿ, ಶೂ ತೊಡಿಸಿ, ಗೇಟಿನ ಹತ್ತಿರ ಸಾಲಾಗಿ ಕೂರಿಸಿದ್ದಾರಾ ನೋಡಿ.

‘ಹೊರಗಿನವರಿಗೆ ಆ ಹೊತ್ತಿನಲ್ಲಿ ಪ್ರವೇಶವಿಲ್ಲ’ ಎಂದರೆ ಅದಕ್ಕೆ ನ್ಯಾಯವಾದ ಕಾರಣವೂ ಇರಬಹುದು. ಮಕ್ಕಳು ಮಲಗಿರುವಾಗ ಅಪರಿಚಿತರು ಬಂದರೆ ತೊಂದರೆಯೇ. ಆದರೆ ಸೇರಿಸಿದ ಮೇಲೆ ಅಪ್ಪ ಅಮ್ಮಂದಿರಿಗೆ ಯಾವ ಹೊತ್ತಿನಲ್ಲಾದರೂ ಒಳಗೆ ಬರಲು ಬಿಡುತ್ತೀರಾ ಎಂದು ಕೇಳಿ. ‘ಫೋನ್ ಮಾಡಿಯೇ ಬರಬೇಕು, ಗೇಟಿನಲ್ಲೇ ಕಾಯಬೇಕು’ ಎನ್ನುವ ಜಾಗವನ್ನು ನಾನಾದರೆ ಅಲ್ಲಿಗೇ ಬಿಟ್ಟುಬಿಡುತ್ತೇನೆ.

ಆಯಾ ಒಳ್ಳೆಯವರಾ ಅಂತ ಹತ್ತು ನಿಮಿಷದಲ್ಲಿ ಹೇಗೆ ಗೊತ್ತಾಗುತ್ತೆ?

ಡೈಪರ್ ಬದಲಿಸುವುದನ್ನು ನೋಡಿ. ಸುಮ್ನೆ ಹೇಳುತ್ತಿಲ್ಲ. ಒಂದು ಮಗುವಿಗೆ ದಿನಕ್ಕೆ ನಾಲ್ಕೈದು ಸಲವಾದರೂ ಈ ಕೆಲಸ ನಡೆಯುತ್ತದೆ. ಕ್ಯಾಮೆರಾಗೆ ತೋರಿಸುವ ಕೆಲಸ ಅಲ್ಲದ್ದರಿಂದ ಅಲ್ಲಿ ನಾಟಕವೂ ಕಡಿಮೆ.

ಒಂದು ಕಡೆ ನಾನು ಕಂಡದ್ದು ಹೀಗೆ. ಆಯಾ ಮಗುವಿನ ಎದುರು ಕುಕ್ಕರುಗಾಲಲ್ಲಿ ಕೂತರು. ‘ಬಾ ಪುಟ್ಟಿ, ಒದ್ದೆ ಆಗಿದೆ, ಬದಲಾಯಿಸೋಣ್ವಾ’ ಎಂದು ಕೈ ಚಾಚಿ ಒಂದು ಕ್ಷಣ ಕಾದರು. ಮಗು ಕೈ ನೀಡಿದ ಮೇಲೆ ಎತ್ತಿಕೊಂಡರು. ‘ಕಾಲು ಎತ್ತು, ಹಾಂ, ಈ ಕಾಲು’ ಎನ್ನುತ್ತಾ ಬದಲಿಸಿದರು. ಮುಗಿದ ಮೇಲೆ ಮಗುವನ್ನು ಕೆಳಗಿಳಿಸಿ ಸೋಪು ಹಾಕಿ ಕೈ ತೊಳೆದರು. ಇನ್ನೊಂದು ಕಡೆ ಆಯಾ ಹಿಂದಿನಿಂದ ಬಂದರು. ಆಡುತ್ತಿದ್ದ ಮಗುವನ್ನು ಕಂಕುಳಲ್ಲಿ ಕೈ ಹಾಕಿ ಎತ್ತಿದರು. ಬದಲಿಸುವಷ್ಟು ಹೊತ್ತೂ ಪಕ್ಕದ ಆಯಾ ಜೊತೆ ಸಂಬಳದ ಅಡ್ವಾನ್ಸ್ ವಿಷಯ ಮಾತಾಡುತ್ತಿದ್ದರು. ಮಗುವಿನ ಮುಖ ಒಂದು ಸಲವೂ ನೋಡಲಿಲ್ಲ. ಎರಡನೇ ಆಯಾ ಕೆಟ್ಟವರಲ್ಲ, ಹೊಡೆಯಲೂ ಇಲ್ಲ, ಬೈಯಲೂ ಇಲ್ಲ. ಆದರೆ ದಿನಕ್ಕೆ ಒಂಬತ್ತು ಗಂಟೆ ಹೀಗೆಯೇ ಕಳೆದರೆ ಆ ಮಗುವಿಗೆ ಮಾತು ಕೇಳಿಸುವುದು ಎಲ್ಲಿಂದ? ಮಾತು ಕಲಿಯುವ ವಯಸ್ಸಿನಲ್ಲಿ ಮಗು ಒಂದು ಸದ್ದು ಮಾಡುತ್ತದೆ, ದೊಡ್ಡವರು ಅದಕ್ಕೆ ತಿರುಗಿ ಉತ್ತರಿಸುತ್ತಾರೆ. ಮಿದುಳು ಬೆಳೆಯುವುದು ಈ ಕೊಡು ಕೊಳ್ಳುವಿಕೆಯಲ್ಲೇ.

ಡೈಪರ್ ಬದಲಿಸುವುದು ನೋಡಲು ಸಿಗದಿದ್ದರೆ ಇನ್ನೊಂದು ಉಪಾಯವಿದೆ. ಅಳುತ್ತಿರುವ ಒಂದು ಮಗುವನ್ನು ತೋರಿಸಿ ‘ಯಾಕೆ ಅಳ್ತಿದೆ?’ ಎಂದು ಆಯಾನ್ನೇ ಕೇಳಿ. ‘ಅವನಿಗೆ ದವಡೆ ಹಲ್ಲು ಬರ್ತಿದೆ ಅಕ್ಕ, ಬೆಳಿಗ್ಗೆ ಸರಿಯಾಗಿ ತಿಂದೂ ಇಲ್ಲ’ ಎಂದರೆ ಆ ಡೇ ಕೇರ್ ಮಗುವನ್ನು ಬಲ್ಲದು. ‘ಅದು ಯಾವಾಗಲೂ ಹಾಗೇ’ ಎಂದರೆ ನಿಮ್ಮ ಮಗುವಿನ ಬಗ್ಗೆಯೂ ನಾಳೆ ಅದೇ ಉತ್ತರ.

ಒಬ್ಬ ಆಯಾಗೆ ಎಷ್ಟು ಮಕ್ಕಳಿದ್ದರೆ ಸರಿ?

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಆಫೀಸುಗಳ ಶಿಶುಪಾಲನಾ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಮೂರು ವರ್ಷದೊಳಗಿನ 10 ಮಕ್ಕಳಿಗೆ, ಅದರ ಮೇಲಿನ ವಯಸ್ಸಿನವರಾದರೆ 20 ಮಕ್ಕಳಿಗೆ ಒಬ್ಬರು ತರಬೇತಿ ಪಡೆದವರು, ಜೊತೆಗೆ ಒಬ್ಬರು ಸಹಾಯಕಿ ಇರಬೇಕು. ಇದು ಕನಿಷ್ಠ ಅಳತೆ. ಇಂಗ್ಲೆಂಡಿನಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು, ಆಸ್ಟ್ರೇಲಿಯಾದಲ್ಲಿ ನಾಲ್ವರಿಗೆ ಒಬ್ಬರು ಇರಲೇಬೇಕು.

ನಮ್ಮ ಊರಿನ ಫೀಸಿಗೆ ಮೂವರಿಗೆ ಒಬ್ಬರು ಸಿಗುವುದಿಲ್ಲ ಬಿಡಿ. ಒಂದು ವರ್ಷದೊಳಗಿನ ಕೂಸುಗಳಾದರೆ ನಾಲ್ಕಕ್ಕೆ ಒಬ್ಬರು, ನಡೆಯುವ ಮಕ್ಕಳಾದರೆ ಆರೇಳಕ್ಕೆ ಒಬ್ಬರು ಇದ್ದರೆ ನಾನು ಒಪ್ಪುತ್ತೇನೆ. ಒಬ್ಬರು ಎರಡು ಕೈಯಲ್ಲಿ ಐದು ಕೂಸುಗಳನ್ನು ಎತ್ತಿಕೊಂಡು ಮೆಟ್ಟಿಲು ಇಳಿಯಲು ಆಗುತ್ತದಾ? ಬೆಂಕಿ ಬಿದ್ದರೆ ಇಳಿಯಲೇಬೇಕಲ್ಲ.

ಲೆಕ್ಕ ಹಾಕುವಾಗ ಒಂದು ಎಚ್ಚರ ಇರಲಿ. ಮೇಡಂ ಹೇಳುವ ಲೆಕ್ಕದಲ್ಲಿ ಅಡುಗೆಯವರು, ಸೆಕ್ಯೂರಿಟಿ, ಮೇಡಂ ಸ್ವತಃ ಎಲ್ಲರೂ ಸೇರಿರುತ್ತಾರೆ. ನೀವು ಕೋಣೆಯ ಬಾಗಿಲಲ್ಲಿ ನಿಂತು ತಲೆ ಎಣಿಸಿ. ಮಧ್ಯಾಹ್ನ ಒಂದರಿಂದ ಮೂರರ ನಡುವೆ ಎಷ್ಟು ಜನ ಇರುತ್ತಾರೆ ಎಂದು ಪ್ರತ್ಯೇಕವಾಗಿ ಕೇಳಿ. ಮಕ್ಕಳು ಮಲಗುವ ಹೊತ್ತು ಅದು. ಆಯಾಗಳು ಊಟಕ್ಕೆ ಕೂರುವುದೂ, ಪಾತ್ರೆ ತೊಳೆಯುವುದೂ ಆಗಲೇ. ಮಹಡಿಯ ಮೇಲೆ ಹದಿನೈದು ಮಕ್ಕಳು ಮಲಗಿ ಕೆಳಗೆ ಎಲ್ಲರೂ ಊಟಕ್ಕೆ ಕೂತಿರುವುದನ್ನು ನಾನೇ ನೋಡಿದ್ದೇನೆ.

ಆಯಾಗಳು ಪದೇ ಪದೇ ಬದಲಾಗ್ತಾರೆ. ಅದು ಅಷ್ಟು ದೊಡ್ಡ ವಿಷಯವಾ?

ಹೌದು. ಮೂರು ವರ್ಷದೊಳಗಿನ ಮಗುವಿಗೆ ಡೇ ಕೇರ್ ಅಂದರೆ ಕಟ್ಟಡ ಅಲ್ಲ, ಒಬ್ಬ ಆಂಟಿ. ಆ ಆಂಟಿ ಹೋದರೆ ಮಗುವಿಗೆ ಎಲ್ಲವೂ ಮೊದಲಿಂದ ಶುರು.

‘ನೀವು ಇಲ್ಲಿಗೆ ಬಂದು ಎಷ್ಟು ದಿನ ಆಯ್ತು?’ ಎಂದು ಪ್ರತಿ ಆಯಾನ್ನೂ ಕೇಳಿ. ಎಲ್ಲರೂ ‘ಎರಡು ತಿಂಗಳು, ಮೂರು ತಿಂಗಳು’ ಎಂದರೆ ಅಲ್ಲಿ ಏನೋ ಸರಿಯಿಲ್ಲ. ಸಾಮಾನ್ಯವಾಗಿ ಅದು ಸಂಬಳ. ತಿಂಗಳಿಗೆ ದೊಡ್ಡ ಮೊತ್ತ ಫೀಸು ತೆಗೆದುಕೊಂಡು ಆಯಾಗೆ ಮನೆಗೆಲಸಕ್ಕಿಂತ ಕಡಿಮೆ ಕೊಟ್ಟರೆ ಆಕೆ ಯಾಕೆ ಉಳಿಯುತ್ತಾಳೆ? ವಾರದ ರಜೆ ಇದೆಯಾ, ಪಿಎಫ್ ಇದೆಯಾ, ಅವರು ಹುಷಾರಿಲ್ಲದೆ ರಜೆ ಹಾಕಿದರೆ ಬದಲಿಗೆ ಯಾರು ಬರುತ್ತಾರೆ ಎಂದು ಮೇಡಂನ ಕೇಳುವುದರಲ್ಲಿ ಸಂಕೋಚ ಬೇಡ. ಇಂಥ ಪ್ರಶ್ನೆಗೆ ಸಿಡುಕುವವರು ಫೀಸಿನ ವಿಷಯದಲ್ಲಿ ಮಾತ್ರ ನಗುತ್ತಾರೆ.

ಸಿಸಿಟಿವಿ ಇದೆ, ಫೋನಿನಲ್ಲೇ ನೋಡಬಹುದು ಅಂತಾರೆ. ಅಷ್ಟು ಸಾಲದಾ?

ಕ್ಯಾಮೆರಾ ಇರಲಿ, ಬೇಡ ಅನ್ನುವುದಿಲ್ಲ. ಅದಕ್ಕೆ ದನಿ ಕೇಳಿಸುವುದಿಲ್ಲ, ಬಚ್ಚಲುಮನೆ ಕಾಣುವುದಿಲ್ಲ, ಮೂಲೆಯೊಂದು ಯಾವಾಗಲೂ ತಪ್ಪುತ್ತದೆ. ಮೀಟಿಂಗಿನ ನಡುವೆ ಫೋನ್ ತೆರೆದು ಮಗು ಅಳುತ್ತಿರುವ ಆ ಒಂದು ನಿಮಿಷ ಮಾತ್ರ ನೋಡಿದರೆ ದಿನವೆಲ್ಲಾ ನಿಮಗೆ ಸಂಕಟ. ಹಳೆಯ ರೆಕಾರ್ಡಿಂಗ್ ಎಷ್ಟು ದಿನ ಉಳಿಸುತ್ತಾರೆ, ಏನಾದರೂ ಆದರೆ ತೋರಿಸುತ್ತಾರಾ ಎಂದು ಕೇಳಿಟ್ಟುಕೊಳ್ಳಿ. ಲೈವ್ ಲಿಂಕ್ ಯಾರ್‍ಯಾರ ಕೈಯಲ್ಲಿದೆ ಎಂದೂ ಕೇಳಿ. ನಿಮ್ಮ ಮಗು ಬಟ್ಟೆ ಬದಲಿಸುವುದನ್ನು ಇನ್ನೊಬ್ಬರ ಮನೆಯವರೆಲ್ಲಾ ನೋಡುವುದು ಬೇಡ ಅಲ್ವಾ.

ಲೈಸೆನ್ಸ್, ಸರ್ಟಿಫಿಕೇಟ್ ಏನೇನು ಕೇಳಬೇಕು?

ಮೂರು ವರ್ಷದೊಳಗಿನ ಮಕ್ಕಳ ಖಾಸಗಿ ಡೇ ಕೇರ್‌ಗಳನ್ನು ಶಾಲೆಗಳಷ್ಟು ಬಿಗಿಯಾಗಿ ತಪಾಸಣೆ ಮಾಡುವ ಏರ್ಪಾಡು ನಮ್ಮಲ್ಲಿ ಇಲ್ಲ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಪ್ಲೇ ಸ್ಕೂಲ್ ಮಾರ್ಗಸೂಚಿ ಕೂಡ ಮೂರರಿಂದ ಆರು ವರ್ಷದವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಹಾಗಾಗಿ ತಪಾಸಣೆಯ ಕೆಲಸ ನಿಮ್ಮದೇ. ಸಿಬ್ಬಂದಿಯ ಪೊಲೀಸ್ ವೆರಿಫಿಕೇಶನ್ ಆಗಿದೆಯಾ, ಅಗ್ನಿಶಾಮಕ ಸಿಲಿಂಡರಿನ ಮೇಲಿನ ದಿನಾಂಕ ದಾಟಿದೆಯಾ, ಉಸಿರುಕಟ್ಟಿದ ಮಗುವಿಗೆ ಏನು ಮಾಡಬೇಕೆಂಬ ತರಬೇತಿ ಯಾರಿಗಿದೆ, ಹತ್ತಿರದ ಮಕ್ಕಳ ಆಸ್ಪತ್ರೆ ಯಾವುದು ಎಂದು ಕೇಳಿ. ಗೋಡೆಗೆ ತೂಗುಹಾಕಿದ ಪ್ರಶಸ್ತಿ ಫಲಕಗಳನ್ನು ನಾನು ಲೆಕ್ಕಕ್ಕೇ ಇಟ್ಟಿಲ್ಲ.

ಜಾಗದ ಸುರಕ್ಷತೆ ನೋಡುವಾಗ ಯಾವುದು ಕಣ್ಣು ತಪ್ಪುತ್ತೆ?

ನೀರು. ನಮ್ಮ ಡೇ ಕೇರ್‌ಗಳು ಹೆಚ್ಚಿನವು ಮನೆಗಳೇ, ಬಾಡಿಗೆಗೆ ಹಿಡಿದು ಬಣ್ಣ ಬಳಿದವು. ಅಂದಮೇಲೆ ಗೇಟಿನ ಪಕ್ಕ ಸಂಪ್ ಇರುತ್ತದೆ. ಮುಚ್ಚಳ ಇದೆಯಾ, ಬೀಗ ಇದೆಯಾ, ಟ್ಯಾಂಕರ್ ಬಂದಾಗ ತೆರೆದಿಟ್ಟು ಮರೆಯುತ್ತಾರಾ? ಬಚ್ಚಲಲ್ಲಿ ತುಂಬಿಟ್ಟ ಬಕೆಟ್ ಇದೆಯಾ? ನಡೆಯಲು ಕಲಿಯುತ್ತಿರುವ ಮಗು ತಲೆ ಕೆಳಗಾಗಿ ಬಿದ್ದರೆ ಅರ್ಧ ಬಕೆಟ್ ನೀರೂ ಪ್ರಾಣಕ್ಕೆ ಅಪಾಯ. ಸದ್ದು ಕೂಡ ಬರುವುದಿಲ್ಲ.

ಎರಡನೆಯದು ಬಿಸಿ ಸಾಂಬಾರಿನ ಪಾತ್ರೆ. ಅಡುಗೆಮನೆಯಿಂದ ತಂದು ನೆಲದ ಮೇಲೆ ಇಟ್ಟೇ ಬಡಿಸುತ್ತಾರೆ, ಸುತ್ತ ತೆವಳುವ ಮಕ್ಕಳು. ಉಳಿದವು ನಿಮ್ಮ ಮನೆಯಲ್ಲೇ ಯೋಚಿಸಿರುತ್ತೀರಿ: ಮಹಡಿ ಮೆಟ್ಟಿಲಿಗೆ ಗೇಟು, ಬಾಲ್ಕನಿಯ ಸರಳುಗಳ ನಡುವಿನ ಸಂದು, ಪ್ಲಗ್ ಪಾಯಿಂಟ್, ಫಿನೈಲ್ ಬಾಟಲಿ.

ಊಟ ತಿಂಡಿ ವಿಷಯದಲ್ಲಿ ಏನು ಗಮನಿಸಬೇಕು?

ಮೆನು ಕಾರ್ಡಿನಲ್ಲಿ ಏನಿದೆ ಅನ್ನುವುದಕ್ಕಿಂತ ಹೇಗೆ ಉಣ್ಣಿಸುತ್ತಾರೆ ಅನ್ನುವುದು. ಗೋಡೆಗೆ ಸಾಲಾಗಿ ಕೂರಿಸಿ, ಒಂದೇ ಬಟ್ಟಲು, ಒಂದೇ ಚಮಚದಲ್ಲಿ ನಾಲ್ಕು ಬಾಯಿಗೆ ಸರತಿಯಲ್ಲಿ ಹಾಕುತ್ತಾ ಹೋಗುವ ದೃಶ್ಯ ಬಹಳ ಕಡೆ ಕಾಣುತ್ತದೆ. ಮನೆಯಲ್ಲಿ ಅಣ್ಣ ತಮ್ಮನಿಗೆ ಒಂದೇ ತಟ್ಟೆಯಿಂದ ಕಲಸಿ ಕೈತುತ್ತು ಕೊಡುವುದು ಬೇರೆ. ಇಲ್ಲಿ ಒಬ್ಬನ ನೆಗಡಿ ಸಂಜೆಯೊಳಗೆ ನಾಲ್ವರಿಗೆ. ಮೂಗು ಹಿಡಿದು, ಅಳುವಾಗ ಬಾಯಿಗೆ ತುರುಕುವುದು ಕಂಡರೆ ಮಾತ್ರ ಅಲ್ಲಿಂದ ಎದ್ದು ಬನ್ನಿ. ಅಳುವ ಮಗುವಿಗೆ ಅನ್ನ ಶ್ವಾಸನಾಳಕ್ಕೆ ಹೋಗಬಹುದು.

ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳ ಬಗ್ಗೆ ಅಡುಗೆಯವರನ್ನೇ ಕೇಳಿ. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಒಗ್ಗರಣೆಯ ಕಡಲೆಬೇಳೆ, ಹಸಿ ಕ್ಯಾರೆಟ್ ತುಂಡು ಚಿಕ್ಕ ಮಕ್ಕಳಿಗೆ ಬೇಡ. ಒಂದು ವರ್ಷದೊಳಗಿನವರಿಗೆ ಜೇನುತುಪ್ಪ ಹನಿಯೂ ಬೇಡ, ಬಾಟುಲಿಸಂ ಎಂಬ ವಿಷಬಾಧೆಯ ಭಯವಿದೆ. ‘ನಮ್ಮಜ್ಜಿ ನೆಕ್ಕಿಸ್ತಿದ್ರು’ ಎನ್ನುವ ಆಯಾಗೆ ಗೌರವದಿಂದಲೇ ಹೇಳಿ.

ಎದೆಹಾಲು ತೆಗೆದು ಕಳಿಸುವವರು ಬಾಟಲಿ ಮೇಲೆ ಹೆಸರು, ಹೊತ್ತು ಬರೆಯಿರಿ. ಕೋಣೆಯ ತಂಪಿನಲ್ಲಿ, ಅಂದರೆ 25 ಡಿಗ್ರಿ ಮೀರದಿದ್ದರೆ, 4 ಗಂಟೆ ಇಡಬಹುದು. ಏಪ್ರಿಲ್‌ನಲ್ಲಿ ಬೆಂಗಳೂರಲ್ಲೂ ಅಷ್ಟು ತಂಪು ಇರುವುದಿಲ್ಲ, ಫ್ರಿಜ್ ಇರಲೇಬೇಕು. ಮಗು ಕುಡಿದು ಬಿಟ್ಟ ಹಾಲನ್ನು 2 ಗಂಟೆಯ ನಂತರ ಚೆಲ್ಲಬೇಕು. ಅದನ್ನು ಮತ್ತೆ ಬಿಸಿ ಮಾಡಿ ಕೊಡುತ್ತಾರಾ ವಿಚಾರಿಸಿ.

ಕೂಸುಗಳನ್ನು ಹೇಗೆ ಮಲಗಿಸಬೇಕು?

ಬೆನ್ನಿನ ಮೇಲೆ, ಗಟ್ಟಿ ಹಾಸಿಗೆಯಲ್ಲಿ, ದಿಂಬು ರಗ್ಗು ಬೊಂಬೆ ಏನೂ ಇಲ್ಲದೆ. ಒಂದು ವರ್ಷದೊಳಗಿನ ಮಗುವನ್ನು ಬೋರಲು ಮಲಗಿಸುವ ಜಾಗ ಬೇಡ.

ಮಕ್ಕಳು ಮಲಗಲಿ ಅಂತ ಔಷಧಿ ಕೊಡ್ತಾರಂತೆ, ನಿಜಾನಾ?

ಈ ಭಯ ಎಲ್ಲರಿಗೂ ಇದೆ. ಎಲ್ಲ ಕಡೆ ನಡೆಯುತ್ತದೆ ಎಂದು ಹೇಳುವುದು ತಪ್ಪು. ಆದರೆ ಗುರುತಿಸುವುದು ಗೊತ್ತಿರಲಿ. ಕರೆದುಕೊಂಡು ಬರುವಾಗ ಮಗು ಮಂಪರಿನಲ್ಲಿದೆ, ಕಾರಿನಲ್ಲೂ ಎಚ್ಚರವಾಗುವುದಿಲ್ಲ, ರಾತ್ರಿ ಒಂದು ಗಂಟೆಯವರೆಗೆ ಕಣ್ಣು ಬಿಟ್ಟುಕೊಂಡು ಆಡುತ್ತದೆ, ಭಾನುವಾರ ಮನೆಯಲ್ಲಿ ಮಧ್ಯಾಹ್ನದ ನಿದ್ದೆ ಅರ್ಧವೂ ಇಲ್ಲ ಎಂದರೆ ಡಾಕ್ಟರ ಹತ್ತಿರ ಬಿಚ್ಚಿ ಹೇಳಿ. ನೆಗಡಿಯ ಕೆಲವು ಸಿರಪ್‌ಗಳಿಗೆ ಮಂಪರು ತರುವ ಗುಣವಿದೆ. ಕ್ಲೋರ್ಫೆನಿರಮೈನ್, ಫಿನೈಲೆಫ್ರಿನ್ ಸೇರಿದ ಸಿರಪ್‌ಗಳನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದು ಎಂದು ಬಾಟಲಿಯ ಮೇಲೇ ಬರೆಯಬೇಕೆಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಸೂಚಿಸಿತು.

ಡೇ ಕೇರ್‌ನಲ್ಲಿ ಯಾವ ಔಷಧಿಯನ್ನೂ ನೀವು ಬರೆದುಕೊಟ್ಟ ಚೀಟಿ ಇಲ್ಲದೆ ಕೊಡಬಾರದು. ಕೊಟ್ಟದ್ದನ್ನು ಹೊತ್ತು, ಪ್ರಮಾಣದ ಸಮೇತ ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕ ತೋರಿಸಿ ಎನ್ನಿ.

ಬಿಟ್ಟು ಬರುವಾಗ ದಿನಾ ಅಳ್ತಾನೆ. ಡೇ ಕೇರ್ ಸರಿಯಿಲ್ಲ ಅಂತಾನಾ?

ಅಷ್ಟರಿಂದಲೇ ಹೇಳಲಾಗದು. ನಮ್ಮಲ್ಲಿ ಹೆರಿಗೆ ರಜೆ 26 ವಾರ. ಅಂದರೆ ಮಗು ಆರು ತಿಂಗಳಿಗೆ ಡೇ ಕೇರ್ ಸೇರುತ್ತದೆ. ಆ ವಯಸ್ಸಿನಲ್ಲಿ ಯಾರು ಕೈ ಚಾಚಿದರೂ ಹೋಗುತ್ತದೆ. ಎಂಟು ಒಂಬತ್ತು ತಿಂಗಳಿಗೆ ‘ಅಮ್ಮ ಬೇರೆ, ಇವರು ಬೇರೆ’ ಎಂಬ ಅರಿವು ಬರುತ್ತದೆ, ರಂಪ ಶುರುವಾಗುತ್ತದೆ. ‘ಮೊದಲು ನಗ್ತಾ ಹೋಗ್ತಿದ್ದ, ಈಗ ಅಲ್ಲಿ ಏನೋ ಮಾಡಿದ್ದಾರೆ’ ಎಂದು ಗಾಬರಿಯಾಗುವುದು ಇದೇ ಹಂತದಲ್ಲಿ. ಬಹಳ ಸಲ ಇದು ಮಗು ಬೆಳೆಯುತ್ತಿರುವ ಲಕ್ಷಣ ಅಷ್ಟೇ.

ನೀವು ಹೊರಟ ಮೇಲೆ ಎಷ್ಟು ಹೊತ್ತು ಅಳುತ್ತದೆ ನೋಡಿ. ಹತ್ತು ನಿಮಿಷದಲ್ಲಿ ಆಯಾ ತೋಳಿನಲ್ಲಿ ಸಮಾಧಾನವಾಗಿ ಆಟಕ್ಕೆ ಇಳಿದರೆ ಚಿಂತೆಯಿಲ್ಲ. ಬಾಗಿಲ ಹೊರಗೆ ನಿಂತು ಕೇಳಿ, ಅಥವಾ ಅರ್ಧ ಗಂಟೆ ಬಿಟ್ಟು ಫೋನ್ ಮಾಡಿ. ಕದ್ದು ಮಾತ್ರ ಹೊರಡಬೇಡಿ. ‘ಆಟ ಆಡ್ತಿರುವಾಗ ಹೊರಟುಬಿಡಿ’ ಎಂದು ಸಲಹೆ ಕೊಡುವ ಡೇ ಕೇರ್‌ಗೆ ಮಕ್ಕಳ ಮನಸ್ಸು ಗೊತ್ತಿಲ್ಲ. ತಿರುಗಿ ನೋಡುವಷ್ಟರಲ್ಲಿ ಅಮ್ಮ ಮಾಯವಾಗುತ್ತಾಳೆ ಎಂದು ತಿಳಿದ ಮಗು ಮನೆಯಲ್ಲೂ ಸೆರಗು ಬಿಡುವುದಿಲ್ಲ. ಮೊದಲ ವಾರ ನೀವೂ ಜೊತೆಗೆ ಕೂರಲು ಬಿಡುವ, ಹೊತ್ತನ್ನು ನಿಧಾನಕ್ಕೆ ಹೆಚ್ಚಿಸುವ ಜಾಗ ಒಳ್ಳೆಯದು.

ಮಾತು ಬರದ ಮಗುವಿನಿಂದ ಅಲ್ಲಿ ಏನಾಗ್ತಿದೆ ಅಂತ ತಿಳಿಯೋದು ಹೇಗೆ?

ಆಯಾ ಕೈಗೆ ಕೊಡುವಾಗ ಮಗುವಿನ ಮೈ ನೋಡಿ. ಅಳುತ್ತಲೇ ಆಕೆಯ ಹೆಗಲಿಗೆ ಮುಖ ಒರಗಿಸಿದರೆ ನಂಬಿಕೆ ಇದೆ. ಮೈ ಬಿಗಿ ಹಿಡಿದು, ಅಥವಾ ಅಳುವುದನ್ನೇ ನಿಲ್ಲಿಸಿ ಕಲ್ಲಿನಂತೆ ಸುಮ್ಮನಾದರೆ ಯೋಚಿಸಬೇಕು. ಒಬ್ಬ ವ್ಯಕ್ತಿಯನ್ನು ಕಂಡರೆ ಮಾತ್ರ ಬೆಚ್ಚುವುದು, ಸ್ನಾನ ಅಥವಾ ಬಟ್ಟೆ ಬಿಚ್ಚುವಾಗ ಹೊಸದಾಗಿ ಹೆದರುವುದು, ಕಲಿತಿದ್ದ ಸುಸ್ಸು ಕಕ್ಕದ ಅಭ್ಯಾಸ ಮತ್ತೆ ತಪ್ಪುವುದು ವಾರಗಟ್ಟಲೆ ನಡೆದರೆ ಸುಮ್ಮನಿರಬೇಡಿ. ಎರಡು ವರ್ಷ ದಾಟಿದವರು ಬೊಂಬೆ ಆಟದಲ್ಲೇ ಎಲ್ಲ ಹೇಳಿಬಿಡುತ್ತಾರೆ. ಬೊಂಬೆಗೆ ಯಾವ ದನಿಯಲ್ಲಿ ಉಣ್ಣಿಸುತ್ತಾರೆ, ಹೇಗೆ ಮಲಗಿಸುತ್ತಾರೆ ಕಿವಿಗೊಟ್ಟು ಕೇಳಿ.

ಮೈಮೇಲೆ ಗಾಯ, ಕಚ್ಚಿದ ಗುರುತು ಇತ್ತು. ಜಗಳ ಮಾಡಬೇಕಾ?

ಒಂದೂವರೆ ಎರಡು ವರ್ಷದವರು ಕಚ್ಚುತ್ತಾರೆ. ಮಾತು ಸಾಲದಾಗ ಹಲ್ಲು ಬರುತ್ತದೆ. ಒಳ್ಳೆಯ ಡೇ ಕೇರ್‌ನಲ್ಲೂ ಇದು ಆಗುತ್ತದೆ. ನೀವು ಕೇಳುವ ಮೊದಲೇ ಅವರು ಹೇಳಿದರಾ ಎಂಬುದೇ ವ್ಯತ್ಯಾಸ. ‘ಹನ್ನೊಂದು ಗಂಟೆಗೆ, ಬ್ಲಾಕ್ಸ್ ಎಳೆದಾಡುವಾಗ, ತಣ್ಣೀರು ಬಟ್ಟೆ ಇಟ್ಟೆವು’ ಎಂದು ಫೋನ್ ಬಂದರೆ ಸಮಾಧಾನ. ಕಚ್ಚಿದ ಮಗುವಿನ ಹೆಸರು ಅವರು ಹೇಳಬಾರದು, ನೀವೂ ಕೇಳಬೇಡಿ.

‘ಮನೆಯಲ್ಲೇ ಆಗಿರಬೇಕು ನೋಡಿ’ ಎನ್ನುವ ಉತ್ತರ ಒಂದು ಸಲ ಬಂದರೆ ಎಚ್ಚರ, ಎರಡನೇ ಸಲ ಬಂದರೆ ಬೇರೆ ಜಾಗ ಹುಡುಕಿ. ತೊಡೆಯ ಒಳಭಾಗ, ಕಿವಿ, ಬೆನ್ನು, ತೋಳಿನ ಮೇಲೆ ಬೆರಳು ಮೂಡಿದ ಗುರುತು ಸಾಮಾನ್ಯವಾಗಿ ಬಿದ್ದು ಆಗುವಂಥದ್ದಲ್ಲ. ಫೋಟೋ ತೆಗೆಯಿರಿ, ಅದೇ ದಿನ ಡಾಕ್ಟರಿಗೆ ತೋರಿಸಿ ಬರೆಸಿಕೊಳ್ಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ. ಮಕ್ಕಳ ಪಾಲನೆ ವಹಿಸಿಕೊಂಡ ಸಂಸ್ಥೆಯವರೇ ಮಗುವನ್ನು ಹಿಂಸಿಸಿದರೆ 2015ರ ಬಾಲ ನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಡೇ ಕೇರ್‌ನವರಿಗೂ ಅದೇ ನಿಯಮ. ‘ಹೆಸರು ಕೆಡುತ್ತೆ, ಒಳಗೊಳಗೇ ಬಗೆಹರಿಸೋಣ’ ಎನ್ನುವ ಹಕ್ಕು ಅವರಿಗಿಲ್ಲ.

ಸೇರಿದಾಗಿನಿಂದ ತಿಂಗಳಿಗೆರಡು ಸಲ ಜ್ವರ, ನೆಗಡಿ. ಗಲೀಜು ಕಾರಣವಾ?

ಮೊದಲ ವರ್ಷ ಹೀಗೆಯೇ. ಮನೆಯಲ್ಲಿದ್ದ ಮಗು ಶಾಲೆಗೆ ಸೇರಿದಾಗ ಪಡುವ ಪಾಡನ್ನು ಇದು ಮೊದಲೇ ಪಡುತ್ತದೆ. ಮಳೆಗಾಲದಲ್ಲಿ ಕೈ, ಕಾಲು, ಬಾಯಿ ಹುಣ್ಣಿನ ಜ್ವರ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡುತ್ತದೆ.

ಹುಷಾರಿಲ್ಲದ ಮಗುವನ್ನು ಅವರು ವಾಪಸ್ ಕಳಿಸುತ್ತಾರಾ ಗಮನಿಸಿ. ಔಷಧಿಯಿಲ್ಲದೆ 24 ಗಂಟೆ ಜ್ವರ ಬಿಟ್ಟ ಮೇಲೆಯೇ ಕರೆತನ್ನಿ ಎನ್ನುವುದು ಒಳ್ಳೆಯ ನಿಯಮ. ನಿಮ್ಮ ಮಗುವನ್ನೇ ವಾಪಸ್ ಕಳಿಸಿದಾಗ ಸಿಟ್ಟು ಬರುತ್ತದೆ, ಬರಲಿ. ಬೆಳಿಗ್ಗೆ ಪ್ಯಾರಾಸಿಟಮಾಲ್ ಹಾಕಿ ಕಳಿಸಿ ಹನ್ನೊಂದಕ್ಕೆ ಫೋನ್ ಎತ್ತದ ಅಪ್ಪ ಅಮ್ಮಂದಿರೂ ಇದ್ದಾರೆ, ಅವರಿಂದಲೇ ಕೋಣೆಯಿಡೀ ಮಲಗುತ್ತದೆ. ಎಲ್ಲ ಮಕ್ಕಳ ಲಸಿಕೆ ಕಾರ್ಡ್ ತೆಗೆದುಕೊಳ್ಳುತ್ತಾರಾ ಎಂದೂ ಕೇಳಿ.

ಟಿವಿ ಹಾಕ್ತಾರೆ. ಸ್ವಲ್ಪ ಹೊತ್ತು ಪರವಾಗಿಲ್ಲ ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡು ವರ್ಷದೊಳಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು. ಆ ಒಂದು ಗಂಟೆ ನೀವು ಮನೆಯಲ್ಲಿ ಅಡುಗೆ ಮಾಡುವಾಗಲೇ ಖರ್ಚಾಗಿರುತ್ತದೆ. ಡೇ ಕೇರ್‌ನಲ್ಲಿ ಟಿವಿ ಓಡುತ್ತಿದ್ದರೆ ಅಲ್ಲಿ ಕೈಗಳು ಸಾಲುತ್ತಿಲ್ಲ ಎಂದು ಅರ್ಥ.

ಅಲ್ಲಿ ಎಲ್ಲರೂ ಹಿಂದಿ, ಇಂಗ್ಲಿಷ್. ಮಗುವಿನ ಕನ್ನಡ ಹಾಳಾಗುತ್ತಾ?

ಎರಡು ಮೂರು ಭಾಷೆ ಕೇಳಿ ಬೆಳೆಯುವ ಮಕ್ಕಳಿಗೆ ಅದರಿಂದ ತೊಂದರೆಯಿಲ್ಲ. ಬೆಂಗಳೂರಿನ ಅರ್ಧ ಮಕ್ಕಳು ಹಾಗೆಯೇ ಬೆಳೆದವರು. ತೊಂದರೆ ಬರುವುದು ಆಯಾ ತನಗೆ ಬಾರದ ಇಂಗ್ಲಿಷಿನಲ್ಲಿ ಮಾತಾಡಬೇಕೆಂದು ಮೇಡಂ ಕಟ್ಟುನಿಟ್ಟು ಮಾಡಿದಾಗ. ಆಗ ದಿನವಿಡೀ ಕೇಳುವುದು ‘ಕಮ್, ಸಿಟ್, ನೋ, ಈಟ್’ ಅಷ್ಟೇ. ಆಕೆ ಕನ್ನಡದವರೋ, ತೆಲುಗಿನವರೋ, ಒಡಿಶಾದವರೋ, ತನ್ನ ಭಾಷೆಯಲ್ಲಿ ಬಾಯ್ತುಂಬಾ ಮಾತಾಡಲಿ, ಹಾಡಲಿ. ಕನ್ನಡವನ್ನು ಸಂಜೆ ನೀವು ಕೊಡಿ.

ಫೀಸು ಜಾಸ್ತಿ ಇದ್ದರೆ ಗುಣಮಟ್ಟವೂ ಜಾಸ್ತಿ ಇರುತ್ತಾ? ಪಕ್ಕದ ಬೀದಿಯ ಆಂಟಿ ಮನೆಯಲ್ಲೇ ನೋಡಿಕೊಳ್ತಾರೆ, ಅದು ಹೇಗೆ?

ಫೀಸಿನ ದೊಡ್ಡ ಪಾಲು ಬಾಡಿಗೆಗೆ, ಬ್ರ್ಯಾಂಡಿಗೆ ಹೋಗಬಹುದು. ಆಯಾಗೆ ಎಷ್ಟು ಹೋಗುತ್ತದೆ ಅನ್ನುವುದರ ಮೇಲೆ ಗುಣಮಟ್ಟ ನಿಂತಿದೆ. ಐದಾರು ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳುವ ಆಂಟಿ, ಒಂದು ವರ್ಷದೊಳಗಿನ ಕೂಸಿಗೆ, ಎಷ್ಟೋ ಸಲ ದೊಡ್ಡ ಹೆಸರಿನ ಜಾಗಕ್ಕಿಂತ ಒಳ್ಳೆಯ ಆಯ್ಕೆ. ಕೈ ಬದಲಾಗುವುದಿಲ್ಲ, ಬಿಸಿ ರಾಗಿ ಸರಿ ಸಿಗುತ್ತದೆ. ಆಕೆಗೆ ಹುಷಾರಿಲ್ಲದ ದಿನ, ಆಕೆಯ ಮನೆಯಲ್ಲಿ ಮದುವೆ ಇರುವ ವಾರ ಏನು ಮಾಡುತ್ತೀರಿ ಎಂಬುದಕ್ಕೆ ಮಾತ್ರ ನಿಮ್ಮಲ್ಲಿ ಉತ್ತರ ಇರಬೇಕು. ಆ ಮನೆಯಲ್ಲಿ ಇನ್ನೂ ಯಾರ್‍ಯಾರು ಇರುತ್ತಾರೆ, ಯಾರು ಬಂದು ಹೋಗುತ್ತಾರೆ ಎಂದು ನೋಡಿಕೊಳ್ಳಿ.

ಕಂಪನಿಯವರು ಡೇ ಕೇರ್ ಕೊಡಬೇಕು ಅಂತ ಕಾನೂನಿದೆಯಲ್ಲ?

ಇದೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಮಾಡಿದ ತಿದ್ದುಪಡಿಯಲ್ಲಿ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು ಸೇರಿಸಿದರು. ತಾಯಿಗೆ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿಬರಲು ಬಿಡಬೇಕು. ಬಹಳ ಕಂಪನಿಗಳು ಹೊರಗಿನ ಡೇ ಕೇರ್ ಜೊತೆ ಒಪ್ಪಂದ ಮಾಡಿಕೊಂಡು ಕೈ ತೊಳೆದುಕೊಳ್ಳುತ್ತವೆ. ಎಚ್‌ಆರ್ ಕೊಟ್ಟ ಪಟ್ಟಿಯಲ್ಲಿದೆ ಎಂದು ಕಣ್ಣು ಮುಚ್ಚಿ ಸೇರಿಸಬೇಡಿ, ಅಲ್ಲಿಗೂ ಊಟದ ಹೊತ್ತಿಗೆ ಹೋಗಿ ನೋಡಿ.

ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೂಲಿಯವರ ಮೂರು ವರ್ಷದೊಳಗಿನ ಮಕ್ಕಳಿಗೆ ರಾಜ್ಯ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ಶುರುಮಾಡಿತು. 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುವುದು ಆಗಿನ ಗುರಿಯಾಗಿತ್ತು. ಅಲ್ಲಿಯೂ ಇದೇ ಪ್ರಶ್ನೆಗಳನ್ನು ಕೇಳುವ ಹಕ್ಕು ನಿಮಗಿದೆ. ಫೀಸಿಲ್ಲ ಎಂದು ಬಾಯಿ ಮುಚ್ಚಿಕೊಳ್ಳಬೇಕಿಲ್ಲ.

ಅತ್ತೆ ‘ಮಗುವನ್ನು ಪರರ ಕೈಗೆ ಹಾಕ್ತೀಯಾ’ ಅಂತಾರೆ. ಡೇ ಕೇರ್‌ನಿಂದ ಮಗುವಿಗೆ ಕೆಡುಕಾಗುತ್ತಾ?

ಅಮೆರಿಕದಲ್ಲಿ 1991ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನ 1,300ಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಮಗುವಿನ ಬೆಳವಣಿಗೆಯ ಮೇಲೆ ಡೇ ಕೇರ್‌ಗಿಂತ ಮನೆಯ ಪ್ರಭಾವವೇ ಜಾಸ್ತಿ ಎಂದು ಕಂಡಿತು. ಒಳ್ಳೆಯ ಡೇ ಕೇರ್‌ನಲ್ಲಿದ್ದವರ ಮಾತು, ಕಲಿಕೆ ಸ್ವಲ್ಪ ಮುಂದಿತ್ತು. ಬಹಳ ಹೆಚ್ಚು ಹೊತ್ತು ಕಳೆದವರಲ್ಲಿ ಹಠ, ತಂಟೆ ಸ್ವಲ್ಪ ಜಾಸ್ತಿ ಕಂಡಿತು. ಅತ್ತೆಯವರಿಗೆ ಅಂಕಿ ಹೇಳಿ ಪ್ರಯೋಜನವಿಲ್ಲ. ಒಂದು ದಿನ ಅವರನ್ನೇ ಕರೆದುಕೊಂಡು ಹೋಗಿ ಕೂರಿಸಿ. ಮಕ್ಕಳನ್ನು ಬೆಳೆಸಿದವರ ಕಣ್ಣಿಗೆ ನಮಗೆ ಕಾಣದ್ದು ಕಾಣುತ್ತದೆ.

ಬದಲಾಯಿಸೋದಾ, ಅಲ್ಲೇ ಸುಧಾರಿಸೋದಾ?

ಹೊಡೆತ, ಸುಳ್ಳು, ಗೇಟಿನ ಆಚೆ ಮಗು ಒಂಟಿಯಾಗಿ ಸಿಕ್ಕಿದ್ದು, ಗುರುತಿಲ್ಲದವರ ಕೈಗೆ ಮಗುವನ್ನು ಕೊಟ್ಟಿದ್ದು: ಇವಕ್ಕೆ ಎರಡನೇ ಅವಕಾಶ ಇಲ್ಲ. ಟವೆಲ್ ಬದಲಾಗಿದ್ದು, ಶೂ ಕಳೆದದ್ದು, ಊಟ ಉಳಿಸಿದ್ದು, ಫೋಟೋ ಕಳಿಸದಿದ್ದದ್ದು ಮಾತಾಡಿ ಸರಿಮಾಡುವಂಥವು. ಫೋಟೋ ವಿಷಯದಲ್ಲಿ ನನ್ನದು ಬೇರೆಯೇ ಅಭಿಪ್ರಾಯ. ದಿನಕ್ಕೆ ಇಪ್ಪತ್ತು ಫೋಟೋ ಕಳಿಸುವ ಆಯಾ ಅಷ್ಟು ಹೊತ್ತು ಮಕ್ಕಳನ್ನು ಬಿಟ್ಟು ಫೋನ್ ಹಿಡಿದಿದ್ದಾರೆ.

ಆಯಾ ಒಳ್ಳೆಯವರಾಗಿದ್ದು ಆಡಳಿತ ಅಷ್ಟಕ್ಕಷ್ಟೇ ಆಗಿದ್ದರೆ ನಾನು ಅಲ್ಲೇ ಉಳಿಯುತ್ತೇನೆ. ಆಡಳಿತ ಬಹಳ ಚೆನ್ನಾಗಿದ್ದು ಆಯಾ ಒರಟಾದರೆ ಬಿಡುತ್ತೇನೆ.

ಸೇರಿಸುವಾಗ ಕಾಗದದಲ್ಲಿ ಏನೇನು ಬರೆಸಿಕೊಳ್ಳಬೇಕು?

ಮಗುವನ್ನು ಯಾರ್‍ಯಾರು ಕರೆದುಕೊಂಡು ಹೋಗಬಹುದು ಎಂಬ ಹೆಸರು, ಫೋಟೋ. ಆ ಪಟ್ಟಿಯಲ್ಲಿ ಇಲ್ಲದವರು ಬಂದರೆ, ಸ್ವಂತ ಮಾವನೇ ಆದರೂ, ನಿಮಗೆ ಫೋನ್ ಮಾಡಿಯೇ ಕಳಿಸಬೇಕು. ಅಲರ್ಜಿ, ಡಾಕ್ಟರ ನಂಬರು, ತುರ್ತಿನಲ್ಲಿ ಯಾವ ಆಸ್ಪತ್ರೆ. ಸಂಜೆ ತಡವಾದರೆ ಗಂಟೆಗೆ ಎಷ್ಟು. ಬಿಡುವಾಗ ಎಷ್ಟು ದಿನದ ನೋಟಿಸ್, ಡೆಪಾಸಿಟ್ ಎಷ್ಟು ದಿನದಲ್ಲಿ ವಾಪಸ್. ವರ್ಷದ ಫೀಸು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎನ್ನುತ್ತಾರೆ, ಮೊದಲ ಮೂರು ತಿಂಗಳು ತಿಂಗಳಿಂದ ತಿಂಗಳಿಗೇ ಕಟ್ಟಿ. ಮುಂಗಡ ಕಟ್ಟಿದ ದುಡ್ಡಿನ ಮುಖ ನೋಡಿಕೊಂಡು ಮಗುವನ್ನು ಸರಿಯಿಲ್ಲದ ಜಾಗದಲ್ಲೇ ಬಿಟ್ಟವರು ಕಡಿಮೆ ಏನಿಲ್ಲ. ರಸೀದಿ ಮರೆಯದೆ ತೆಗೆದುಕೊಳ್ಳಿ, ಕೆಲವು ಕಂಪನಿಗಳು ಡೇ ಕೇರ್ ಖರ್ಚಿನಲ್ಲಿ ಒಂದು ಪಾಲು ವಾಪಸ್ ಕೊಡುತ್ತವೆ.